ಆಷಾಢದಲ್ಲಿ ಒಡೆಯದ ಡಬ್ಬಿ

ಹಳೇಬೀಡಿನ ಗೈಡ್ ಗುರುಮೂರ್ತಿ ಬಿಟ್ಟಿ ಎಂಬ ಮಾತು ಕೇಳಿದರೆ ಮೂಗು ಮುರಿಯುತ್ತಿದ್ದ. ಗೈಡ್ ಇಟ್ಟುಕೊಳ್ಳದೆ ಪಕ್ಕದ ಗುಂಪಿನ ಅಂಚಿನಲ್ಲಿ ನಿಂತು ಕದ್ದು ಕೇಳುವ ಪ್ರವಾಸಿಗರನ್ನು ಕಂಡರೆ ದನಿ ತಗ್ಗಿಸಿಬಿಡುತ್ತಿದ್ದ. ಅವರು ಇನ್ನೂ ಹತ್ತಿರ ಸರಿದರೆ ಮಾತು ನಿಲ್ಲಿಸಿ ಕನ್ನಡಕ ಒರೆಸಿಕೊಳ್ಳುತ್ತಿದ್ದ. "ಕಾಸು ಕೊಡ್ದೆ ಕೇಳಿದ್ದು ತಲೆಗೆ ಹತ್ತಲ್ಲ ಕಣೇ" ಎಂದು ಮನೆಗೆ ಬಂದು ಹೆಂಡತಿ ಕೆಂಪಲಕ್ಷ್ಮಮ್ಮನಿಗೆ ಉಪದೇಶ ಬೇರೆ. ಅವನು ಇಪ್ಪತ್ತು ವರ್ಷದಿಂದ ಮಾರುತ್ತಿದ್ದ ಒಂದೊಂದು ಕಥೆಯೂ ಅವಳಪ್ಪ ಮರಿಯಣ್ಣನಿಂದ ಬಿಟ್ಟಿಯಾಗಿ ಕಲಿತದ್ದು ಎಂಬುದು ಅವಳಿಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ಆದರೆ ತನಗೆ ಬೇಡವಾದದ್ದನ್ನು ಮರೆಯುವುದರಲ್ಲಿ ಮಹಾರಾಯ ನಿಸ್ಸೀಮ.

ಮರಿಯಣ್ಣ ಹಗರೆಯವನು, ಮೂವತ್ತೆರಡು ವರ್ಷ ದೇವಸ್ಥಾನದ ಕಾವಲುಗಾರನಾಗಿದ್ದವನು. ಯಾವ ಆನೆಯ ಸೊಂಡಿಲು ಯಾವಾಗ ಮುರಿಯಿತು, ಕಲ್ಲು ಕೂರಿಸಲು ಬಂದ ಕೆಲಸಗಾರ ಯಾರ ಮನೆಯಲ್ಲಿ ಉಂಡ, ನಂದಿಯ ನೆರಳಲ್ಲಿ ಹೆರಿಗೆಯಾದ ಹೆಂಗಸು ಯಾವೂರವಳು, ಇಂಥವೆಲ್ಲ ಅವನ ಬಾಯಲ್ಲಿದ್ದವು. ಯಾವ ಪುಸ್ತಕದಲ್ಲೂ ಇರಲಿಲ್ಲ. ಕೇಳಿದವರಿಗೆಲ್ಲ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

ಇವನ್ನೆಲ್ಲ ಪುಸ್ತಕ ಮಾಡಿ ತನ್ನ ಹೆಸರು ಹಾಕಿ ಗೇಟಿನ ಹತ್ತಿರ ಮಾರಬೇಕೆಂದು ಗುರುಮೂರ್ತಿ ಎರಡು ಸಾವಿರದ ನಾಲ್ಕರಲ್ಲಿ ಮನೆಗೆ ಕಂಪ್ಯೂಟರ್ ತಂದ. ಮರಿಯಣ್ಣ ಪ್ರತಿ ಮಂಗಳವಾರ ಹಗರೆಯಿಂದ ಬಸ್ಸು ಹತ್ತಿ ಬಂದು, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಹೇಳುವುದು. ಅಳಿಯ ಎರಡು ಬೆರಳಲ್ಲಿ ಕುಟ್ಟುವುದು. ಕೆಂಪಲಕ್ಷ್ಮಮ್ಮ ಅಡುಗೆಮನೆಯಿಂದ ಕುಕ್ಕರಿನ ಸದ್ದಿನ ನಡುವೆ ಅರ್ಧಂಬರ್ಧ ಕೇಳಿಸಿಕೊಳ್ಳುತ್ತಿದ್ದಳು. ಎರಡು ವರ್ಷದಲ್ಲಿ ಇನ್ನೂರಕ್ಕೂ ಹೆಚ್ಚು ಕಥೆಗಳಾದವು. ಆ ವರ್ಷದ ಯುಗಾದಿ ಕಳೆದು ವಾರಕ್ಕೆ ಮರಿಯಣ್ಣ ತೀರಿಕೊಂಡ. ಅಲ್ಲಿಂದಾಚೆ ಅವಳ ಅಪ್ಪ ಉಳಿದಿದ್ದರೆ ಆ ಪೆಟ್ಟಿಗೆಯೊಳಗೆ ಮಾತ್ರ.

"ಒಂದು ಸಲ ಪ್ರಿಂಟ್ ತೆಗ್ಸಿಡ್ರೀ" ಎಂದು ಅವಳು ಎಷ್ಟೋ ಸಲ ಹೇಳಿದಳು.

"ತೆಗ್ಸಿಟ್ರೆ ಕಂಡೋರೆಲ್ಲ ಪುಕ್ಸಟ್ಟೆ ಓದ್ಬಿಡ್ತಾರೆ" ಎಂದ ಜಾಣ.

ಕಂಪ್ಯೂಟರ್ ಜೋಡಿಸಿಕೊಟ್ಟವನು ಬಸ್‌ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ಸೆಂಟರ್ ಇಟ್ಟಿದ್ದ ಚೇತನ್‌ಕುಮಾರ್. ಅವನೇ ಅದಕ್ಕೊಂದು ಪುಕ್ಕಟೆ ಆಂಟಿವೈರಸ್ ಹಾಕಿಕೊಟ್ಟಿದ್ದ. "ಮನೇಗೆ ಇದು ಸಾಕು ಗುರುಮೂರ್ತಣ್ಣ. ದುಡ್ಡಿನದ್ರಲ್ಲಿ ಅನುಕೂಲ ಜಾಸ್ತಿ, ಏನಾರ ಆದ್ರೆ ಫೋನ್ ಮಾಡಿ ಕೇಳ್ಬೋದು. ಆದ್ರೆ ಕಾಯೋ ಕೆಲ್ಸ ಇದೂ ಮಾಡ್ತೈತೆ. ವಾರಕ್ಕೊಂದ್ಸಲ ಅಪ್‌ಡೇಟ್ ಮಾಡಿ" ಎಂದಿದ್ದ. ಅದು ಎರಡು ಸಲ ವೈರಸ್ ಹಿಡಿದು ತೋರಿಸಿಯೂ ಇತ್ತು. ಗುರುಮೂರ್ತಿಗೆ ಅದರ ಮೇಲೆ ತಾತ್ಸಾರವೇ. ಪುಕ್ಕಟೆ ಬಂದದ್ದು ನಿಯತ್ತಾಗಿ ಕೆಲಸ ಮಾಡಿದರೆ ಅವನ ಸಿದ್ಧಾಂತ ಏನಾಗಬೇಕು?

ಆಷಾಢದಲ್ಲಿ ನೆಂಟರನ್ನು ರೈಲು ಹತ್ತಿಸಲು ಅರಸೀಕೆರೆಗೆ ಹೋದವನು ಅಂಗಡಿಯೊಂದರಲ್ಲಿ ಆಂಟಿವೈರಸ್ ಡಬ್ಬಿ ಕಂಡು ಕೊಂಡುಬಿಟ್ಟ. ಮಿರಿಮಿರಿ ಮಿಂಚುವ ಡಬ್ಬಿ. ಅದನ್ನು ಮನೆಗೆ ತರುವ ಮೊದಲು ಗೇಟಿನ ಹತ್ತಿರ ಉಳಿದ ಗೈಡುಗಳಿಗೆಲ್ಲ ತೋರಿಸಿದ. ಒಂದೇ ಕಂಪ್ಯೂಟರಿನಲ್ಲಿ ಎರಡು ಆಂಟಿವೈರಸ್ ಇದ್ದರೆ ಕಚ್ಚಾಡುತ್ತವೆ, ಹಳೆಯದನ್ನು ಮೊದಲು ತೆಗೆಯಿರಿ ಎಂದು ಅಂಗಡಿಯವನು ಹೇಳಿದ್ದ. ಅಂದು ಸಂಜೆಯೇ ತೆಗೆದು ಎಸೆದ. ಹೊಸದನ್ನು ಮಾತ್ರ ದೇವರ ಗೂಡಿನಲ್ಲಿಟ್ಟ.

"ಹಾಕಲ್ವಾ?" ಎಂದಳು ಕೆಂಪಲಕ್ಷ್ಮಮ್ಮ.

"ಆಷಾಢದಲ್ಲಿ ಹೊಸ ಸಾಮಾನು ಯಾರಾದ್ರೂ ಒಡೀತಾರಾ? ಶ್ರಾವಣ ಬರ್ಲಿ."

"ಹಂಗಾರೆ ಹಳೇದೂ ಅಲ್ಲೀಗಂಟ ಇರ್ಬೇಕಿತ್ತು."

"ತೆಗೆಯೋಕೆ ಎಂಥ ಮುಹೂರ್ತ? ಹೆಣ ಎತ್ತೋಕೆ ಪಂಚಾಂಗ ನೋಡ್ತಾರೇನೇ?"

ಇಂಥ ಬುದ್ಧಿವಂತಿಕೆಗೆ ಏನು ಹೇಳುವುದು. ಅವಳು ಒಳಗೆ ಹೋದಳು. ಅಂದೇ ಚೇತನ್‌ಕುಮಾರನನ್ನು ಕರೆಸಬೇಕಿತ್ತು ಎಂದು ಆಮೇಲೆ ತನ್ನನ್ನೇ ಬೈದುಕೊಂಡಳು.

ವಾರ ಕಳೆಯುವುದರೊಳಗೆ ಗುರುಮೂರ್ತಿ ಬೇಲೂರಿನ ಸ್ಟುಡಿಯೋದಿಂದ ಪೆನ್‌ಡ್ರೈವ್ ತಂದ. ಯಾರೋ ವಿದೇಶಿ ದಂಪತಿ ಅವನ ಜೊತೆ ನಿಂತು ತೆಗೆಸಿಕೊಂಡ ಫೋಟೋಗಳು ಅದರಲ್ಲಿದ್ದವು. ಚುಚ್ಚಿದ. ಹದಿನೇಳು ಫೋಟೋಗಳಲ್ಲೂ ತನ್ನ ಹಲ್ಲು ತಾನೇ ನೋಡಿಕೊಂಡು ಹಿಗ್ಗಿದ. ಮಾರನೆಯ ದಿನ ಪುಸ್ತಕದ ಫೈಲು ತೆರೆದರೆ ಇನ್ನೂರು ಕಥೆಯ ಜಾಗದಲ್ಲಿ ಅರ್ಥವಿಲ್ಲದ ಒಂದು ಸಾಲು. ಉಳಿದ ಫೈಲುಗಳೂ ಹಾಗೆಯೇ.

ಚೇತನ್‌ಕುಮಾರ್ ಬಂದು ಎರಡು ಗಂಟೆ ಕೂತು ವೈರಸ್ ತೆಗೆದು ತಲೆ ಅಲ್ಲಾಡಿಸಿದ. "ಹಳೇ ವೈರಸ್ಸು ಅಣ್ಣ. ಪುಕ್ಕಟೇದು ಇದ್ದಿದ್ರೂ ಹಿಡೀತಿತ್ತು, ಡಬ್ಬೀಲಿರೋದು ಹಾಕಿದ್ರೂ ಹಿಡೀತಿತ್ತು. ನೀವು ಎರಡೂ ಇಲ್ದಂಗೆ ಬಾಗ್ಲು ತೆಗೆದಿಟ್ರಿ. ಇನ್ನು ವಾಪಸ್ ಬರಲ್ಲ."

ಗುರುಮೂರ್ತಿ ಊರಲ್ಲಿ ಹೇಳಿಕೊಂಡು ತಿರುಗಿದ್ದೇ ಬೇರೆ. ಆ ಬಿಟ್ಟಿ ಆಂಟಿವೈರಸ್ಸೇ ಹೋಗುವಾಗ ರೋಗ ಬಿಟ್ಟು ಹೋಯಿತಂತೆ.

ಶ್ರಾವಣದ ಮೊದಲ ಸೋಮವಾರ ಮಿಂದು ಮಡಿಯುಟ್ಟು, ಕಾಯಿ ಒಡೆದು, ಡಬ್ಬಿಗೆ ಅರಿಶಿನ ಕುಂಕುಮ ಹಚ್ಚಿ ಸಿ.ಡಿ. ಹಾಕಿದ. ಕಂಪ್ಯೂಟರ್ ಬಹಳ ಹೊತ್ತು ಗುರುಗುಟ್ಟಿ, ಎಲ್ಲ ಕ್ಷೇಮ ಎಂದು ತೋರಿಸಿತು. "ನೋಡು, ಕಾಸು ಕೊಟ್ಟಿದ್ದು ಅಂದ್ರೆ ಹಿಂಗಿರ್ಬೇಕು" ಎಂದು ಬೀಗಿದ.

ಕೆಂಪಲಕ್ಷ್ಮಮ್ಮ ಇನ್ನೂರು ಪುಟದ ನೋಟ್‌ಬುಕ್ಕು, ಪೆನ್ನು ಹಿಡಿದುಕೊಂಡು ಬಂದು ಎದುರಿಗೆ ಕೂತಳು.

"ಅದು ಹಂಗಿರ್ಲಿ. ನಮ್ಮಪ್ಪ ಹೇಳಿದ್ನೆಲ್ಲ ಟೈಪ್ ಮಾಡಿದ್ದು ನೀವೇ. ಒಂದೊಂದಾಗಿ ಹೇಳಿ, ಬರ್ಕೋತೀನಿ. ನಂದಿ ಹತ್ರ ಹೆರಿಗೆ ಆಯ್ತಲ್ಲ, ಆ ಹೆಂಗ್ಸಿಂದ ಸುರು ಮಾಡಿ."

ಅವನು ಗಂಟಲು ಸರಿ ಮಾಡಿಕೊಂಡು ಗೈಡಿನ ದನಿಯಲ್ಲಿ ಶುರುಮಾಡಿದ. ಎರಡು ಮಾತಿಗೇ ನಿಂತ.

"ಯಾವೂರೋಳು?" ಎಂದಳು. ಅವನು ಕನ್ನಡಕ ಒರೆಸಿಕೊಂಡ. "ಹೋಗ್ಲಿ, ಸೊಂಡ್ಲು ಮುರಿದಿದ್ದು ಹೇಳಿ." ಅದೂ ನೆನಪಿರಲಿಲ್ಲ. ದಿನಾ ಪ್ರವಾಸಿಗರ ಮುಂದೆ ಒಪ್ಪಿಸುತ್ತಿದ್ದ ಹದಿನೈದು ಕಥೆ ಬಿಟ್ಟರೆ ಆ ತಲೆಯಲ್ಲಿ ಏನೂ ಇರಲಿಲ್ಲ.

"ಕುಟ್ಟೋವಾಗ ಅಕ್ಷರ ಹುಡ್ಕೋದ್ರಲ್ಲೇ ಆಗೋಗ್ತಿತ್ತು ಕಣೇ" ಎಂದ, ಅವಳ ಮುಖ ನೋಡದೆ. "ನಿಮ್ಮಪ್ಪ ಏನಂದ್ರು ಅಂತ ನಾನು ಕೇಳಿಸ್ಕೊಳ್ಳೇ ಇಲ್ಲ."

ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವನನ್ನು ಬೈಯಬೇಕು ಎಂದು ಅವಳಿಗೆ ಅನ್ನಿಸದೇ ಹೋದದ್ದು ಅದೇ ಮೊದಲು. ಬೈಸಿಕೊಳ್ಳುವುದಕ್ಕೂ ಒಂದು ಯೋಗ್ಯತೆ ಬೇಕು. ಕುರ್ಚಿಯನ್ನು ಅವನಿಗೆ ಬೆನ್ನಾಗುವಂತೆ ತಿರುಗಿಸಿಕೊಂಡು, ಅಡುಗೆಮನೆಗೆ ಕೇಳಿಸಿದ್ದಷ್ಟನ್ನು ತಾನೇ ಬರೆಯತೊಡಗಿದಳು.