ಅಮಲ್ದಾರರ ಸೊಂಟ

ಮೂಳೆ ಕೂರಿಸುವುದನ್ನೂ ಉಳುಕು ತೆಗೆಯುವುದನ್ನೂ ಕಲಿಯಬೇಕೆಂದು ನಾನು ಹೆಮ್ಮರಗಾಲದಿಂದ ನರಸೀಪುರದ ಮಾದಜ್ಜಿಯ ಹತ್ತಿರ ಹೋದೆ. ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ.

"ಉಟ್ಟೋವಾಗ ಕಾಲು ಮುಂದಾಗಿ ಬಂದ್ಯೋ, ತಲೆ ಮುಂದಾಗಿ ಬಂದ್ಯೋ?"

ಕಾಲು ಅಂದೆ. ಅಂಥವರು ಒದ್ದರೆ ಹಿಡಿದ ಸೊಂಟ ಬಿಡುತ್ತದೆ ಅನ್ನುವುದು ನಮ್ಮ ಕಡೆಯ ನಂಬಿಕೆ. ಅಜ್ಜಿ ತಕ್ಷಣ ಒಪ್ಪಿಕೊಂಡಳು.

ಮೊದಲ ದಿನವೇ ಜವಾನನ ಹೆಗಲು ಹಿಡಿದು, ಬಿಲ್ಲಿನಂತೆ ಬಗ್ಗಿಕೊಂಡು ಬಂದವರು ಸಾಕ್ಷಾತ್ ಅಮಲ್ದಾರರು. ಕುದುರೆಯಿಂದ ಇಳಿಯುವಾಗ ಸೊಂಟ ಹಿಡಿದಿತ್ತಂತೆ.

"ಒದಿಯೋ," ಅಂದಳು ಅಜ್ಜಿ.

ತಾಲ್ಲೂಕಿನ ಸಾಹೇಬರನ್ನು ಒದ್ದು ಜೈಲಿಗೆ ಹೋಗಲೇ? ಪಾದವನ್ನು ಸುಮ್ಮನೆ ತಾಗಿಸಿ, "ತಪ್ಪಾಯ್ತು ಬುದ್ಧಿ" ಅಂತ ಕೈಮುಗಿದೆ.

"ಗಟ್ಟಿಯಾಗಿ ಒದಿಯೋ ಮುಠ್ಠಾಳ! ಇದು ಹುಕುಂ!" ಅಂತ ಅಮಲ್ದಾರರು ಗುಡುಗಿದರು.

ಕಣ್ಣು ಮುಚ್ಚಿ ಒದ್ದೆ. ಅವರು ಮುಗ್ಗರಿಸಿ ಅಂಗಳದ ಹುಲ್ಲಿನ ಮೆದೆಯೊಳಕ್ಕೆ ಹೋದರು, ರುಮಾಲು ಬಾವಿಕಟ್ಟೆಗೆ ಹಾರಿತು. ನಾನು ಓಡಿಹೋಗಲು ಹಿತ್ತಿಲ ದಾರಿ ಹುಡುಕಿದೆ. ಅವರು ಮಾತ್ರ ನೆಟ್ಟಗೆ ಎದ್ದು ನಿಂತು, ಸೊಂಟ ಅತ್ತಿತ್ತ ತಿರುಗಿಸಿ ನೋಡಿ, "ಭೇಷ್!" ಅಂದರು.

ಸಂಜೆಯೊಳಗೆ ಸುದ್ದಿ ಸುತ್ತಲ ಹಳ್ಳಿಗೆಲ್ಲ ಹಬ್ಬಿತು. ಮರುದಿನ ಬಾಗಿಲು ತೆಗೆದರೆ ಕಂದಾಯ ಕಟ್ಟುವ ರೈತರ ಹಿಂಡೇ ನಿಂತಿತ್ತು. ಯಾರ ಸೊಂಟವೂ ನೋಯುತ್ತಿರಲಿಲ್ಲ.

"ನಾವೂ ಕಾಲು ಮುಂದಾಗೇ ಉಟ್ಟಿದ್ದು ಕಣಜ್ಜಿ," ಅಂದ ಮುಂದೆ ನಿಂತವನು. "ಸಾಯೇಬ್ರಿಗೆ ಮತ್ತೆ ಸೊಂಟ ಇಡ್ಕಂಡ್ರೆ ಒಸಿ ನಮಗೂ ಯೋಳಿ ಕಳ್ಸು."