ಪುಟ್ಟಿಯ ಲೆಕ್ಕ, ದರ್ಜಿ ತಾತನ ಇಂಗ್ಲಿಷ್

ಬಟ್ಟೆ ಕತ್ತರಿಸುವುದರಲ್ಲಿ ದರ್ಜಿ ತಾತ ಎತ್ತಿದ ಕೈ. ಎಂಥ ಡೊಳ್ಳುಹೊಟ್ಟೆಯವನಿಗೂ ಅಂಗಿ ಕೂರಿಸಿಬಿಡುತ್ತಿದ್ದ. ಆದರೆ ಶಿಶುವಿಹಾರಕ್ಕೆ ಹೋಗುವ ಮೊಮ್ಮಗಳ ಲೆಕ್ಕ ಮಾತ್ರ ಅವನ ತಲೆ ತಿಂದುಹಾಕಿತು.

ಮಗಳಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ಹಾಗಾಗಿ ಸ್ಕೂಲು ಬಿಟ್ಟ ಮೇಲೆ ಪುಟ್ಟಿ ತಾತನ ಅಂಗಡಿಗೇ ಬರುತ್ತಿದ್ದಳು. ಹೊಲಿಗೆ ಮಿಷನ್ನಿನ ಪಕ್ಕ ಮೋಟು ಸ್ಟೂಲಿನಲ್ಲಿ ಕೂತು ಸ್ಲೇಟು ಹಿಡಿದಳೆಂದರೆ ತಾತನಿಗೆ ಬೇರೆ ಲೋಕವೇ ಬೇಡ. ಇಡೀ ದಿನ ಅವನು ಮಿಷನ್ನು ತುಳಿಯುತ್ತಿದ್ದುದೇ ಆ ಸಂಜೆಗಾಗಿ ಅನ್ನಿ. ಈಗ ಅದಕ್ಕೂ ಸಂಚಕಾರ ಬಂದಿತ್ತು.

"ಅಪ್ಪ, ಮಿಸ್ ಮತ್ತೆ ಕರೆಸಿದ್ರು. ಕೂಡೋ ಲೆಕ್ಕ ಎಲ್ಲಾ ತಪ್ಪಂತೆ. ಈ ವಾರ ಸರಿಹೋಗ್ಲಿಲ್ಲ ಅಂದ್ರೆ ಸಂಜೆ ಟ್ಯೂಷನ್‌ಗೆ ಹಾಕ್ಬಿಡ್ತೀನಿ ನೋಡು," ಎಂದು ಮಗಳು ಹೇಳಿ ಹೋಗಿದ್ದಳು.

ತಾತ ಮೇಜಿನ ಮೇಲೆ ಅಂಗಿಯ ಗುಂಡಿಗಳನ್ನಿಟ್ಟ. ಮೂರು ಬಿಳಿ, ನಾಲ್ಕು ಕಪ್ಪು.

"ಒಟ್ಟು ಎಷ್ಟಾಯ್ತು, ಎಣಿಸಮ್ಮ."

ಪುಟ್ಟಿ ಒಂದೊಂದನ್ನೂ ಮುಟ್ಟಿ ಎಣಿಸಿದಳು. "ಏಳು."

"ಭೇಷ್. ಬರಿ."

ಸ್ಲೇಟಿನ ಮೇಲೆ ಎಂಟು ಬರೆದಳು.

"ಏಳು ಅಂದೆಯಲ್ಲೇ, ಎಂಟು ಯಾಕೆ ಬರೆದೆ?"

"ಹಾಗೇ ತಾನೆ ಬರೆಯೋದು?"

ತಾತನಿಗೆ ತಲೆಬುಡ ಅರ್ಥವಾಗಲಿಲ್ಲ. ಇನ್ನೊಂದು ಲೆಕ್ಕ ಕೊಟ್ಟರೆ ಬಾಯಲ್ಲಿ ಐದು, ಸ್ಲೇಟಿನಲ್ಲಿ ಆರು. ಮಗುವಿಗೆ ಅಂಕಿ ಗೊತ್ತಿಲ್ಲವೋ, ತನಗೇ ಕಣ್ಣು ಮಂಜಾಯಿತೋ? ಕನ್ನಡಕ ಒರೆಸಿಕೊಂಡು ನೋಡಿದ. ಆರು ಆರಾಗಿಯೇ ಇತ್ತು.

ಅಷ್ಟರಲ್ಲಿ ಬೇಕರಿಯವನು ಅಂಗಿ ಬಟ್ಟೆ ಹಿಡಿದು ಬಂದ. ತಾತ ಅವನ ಹೆಗಲಿಗೆ ಟೇಪು ಹಿಡಿದು "ಹದಿನೆಂಟು" ಎಂದು ಗಟ್ಟಿಯಾಗಿ ಹೇಳಿಕೊಂಡ. ಬಟ್ಟೆಯ ಅಂಚಿನಲ್ಲಿ ಸೀಮೆಸುಣ್ಣದಿಂದ ಹತ್ತೊಂಬತ್ತು ಎಂದು ಗೀಚಿದ. ಹೊಲಿಗೆಗೆ ಒಂದಿಂಚು ಬಿಡಬೇಕಲ್ಲ, ಕೈಗೆ ಅದೇ ಅಭ್ಯಾಸ.

"ನೋಡು ತಾತ, ನೀನೂ ಒಂದು ಹೆಚ್ಚು ಬರೆದೆ," ಎಂದಳು ಪುಟ್ಟಿ.

ತಾತ ಪೆಚ್ಚಾದ. "ಅದು ಬಟ್ಟೆಗೆ ಕಣಮ್ಮ, ಒಳಗೆ ಮಡಚಿ ಹೊಲಿಯೋಕೆ. ಲೆಕ್ಕದಲ್ಲಿ ಹಾಗೆ ಬಿಡಬಾರದು."

"ಮತ್ತೆ ಲೆಕ್ಕ ಬಿಗಿ ಆದ್ರೆ?"

ಬೇಕರಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅಂತೂ ಗೋಗರೆದು, ಮಿಠಾಯಿಯ ಆಸೆ ತೋರಿಸಿ, ಆ ಒಂದನ್ನು ಬಿಡಿಸುವ ಹೊತ್ತಿಗೆ ತಾತನಿಗೆ ಸಾಕುಬೇಕಾಯಿತು.

ವಾರದ ಕೊನೆಗೆ ಮಗಳು ಪುಟ್ಟಿಯನ್ನು ಎದುರು ಕೂರಿಸಿಕೊಂಡು ಪರೀಕ್ಷೆ ಮಾಡಿದಳು. ಲೆಕ್ಕವೆಲ್ಲ ಸರಿ. ತಾತ ಮೀಸೆ ತಿರುವಿದ. "ಇಂಗ್ಲಿಷೂ ಕೇಳು. ಎಲ್ಲಾ ನಾನೇ ಹೇಳ್ಕೊಟ್ಟಿದ್ದು."

ಮಗಳು ಪುಟ್ಟಿಯ ಕೈ ಮುಟ್ಟಿದಳು. "ಇದಕ್ಕೆ ಏನಂತಾರೆ?"

"ಸ್ಲೀವ್."

ಕುತ್ತಿಗೆ ಮುಟ್ಟಿದಳು. "ಕಾಲರ್." ಎದೆ ಮುಟ್ಟಿದರೆ "ಪಾಕೆಟ್" ಎಂದು ಠೀವಿಯಿಂದ ಉತ್ತರ ಬಂತು.

"ಅಪ್ಪ, ಇದೆಲ್ಲ ಅಂಗಿಗೆ ಹೇಳೋದು. ಮೈಗಲ್ಲ."

"ಗಿರಾಕಿಗಳು ಕೈ ಚಾಚಿ ಸ್ಲೀವ್ ಅಂತಾರಲ್ಲೇ?"

ಪಾಪ, ಅವನು ಸುಳ್ಳು ಹೇಳುತ್ತಿರಲಿಲ್ಲ. ಸ್ಲೀವ್ ಎಂದರೆ ಕೈ ಎಂದೇ ಇಷ್ಟು ವರ್ಷ ನಂಬಿದ್ದ. ಹಾಗಾದರೆ ತನಗೆ ಗೊತ್ತಿರುವುದರಲ್ಲಿ ಸರಿ ಯಾವುದು, ತಪ್ಪು ಯಾವುದು? ದಿಕ್ಕೇ ತೋಚಲಿಲ್ಲ. ಮಗಳು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಸೋಮವಾರದಿಂದ ಟ್ಯೂಷನ್‌ಗೆ ನೀನೇ ಬಿಟ್ಟು ಬಾ," ಎಂದಳು ಅಷ್ಟೆ.

ಸೋಮವಾರ ಟ್ಯೂಷನ್ ಹೇಳುವ ಹೆಂಗಸು ಬಾಗಿಲಲ್ಲೇ ನಿಂತು ವಿಚಾರಿಸಿದಳು. "ಇಷ್ಟು ದಿನ ಮಗೂಗೆ ಯಾರು ಹೇಳ್ಕೊಡ್ತಿದ್ರು?"

ತಾತ ಕಕ್ಕಾಬಿಕ್ಕಿಯಾದ. ನಾನೇ ಎಂದರೆ ನಗುತ್ತಾಳೇನೋ, ಮಗುವಿಗೇ ಕೆಟ್ಟ ಹೆಸರೇನೋ.

"ಯಾರೂ ಇಲ್ಲ ಮೇಡಂ," ಎಂದುಬಿಟ್ಟ.

ಅವನ ಬೆರಳು ಹಿಡಿದುಕೊಂಡಿದ್ದ ಪುಟ್ಟಿ ಮುಖ ಎತ್ತಿ ನೋಡಿದಳು.

"ನೀನು ಯಾರೂ ಅಲ್ವಾ ತಾತ?" ಎಂದಳು.