ಅಕ್ಕ ಆರಿಸದ ಪುಸ್ತಕ

“ಓದೋದು ಏನರ ಇದ್ರ ಈಗ ಓದಿಬಿಡ್ರಿ, ಅಕ್ಕಾರ. ಮುಂದಿಂದು ಹೇಳಾಕ ಆಗೂದಿಲ್ಲ.”

ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ಹೀಗೆಂದಾಗ ನಾನು ನೆಲ ನೋಡಿದೆ. ಅಕ್ಕ ಚಶ್ಮಾ ಒರೆಸಿ ಹಾಕಿಕೊಂಡು, “ಹೌದ್ರಿ” ಎಂದಳು, ಅಷ್ಟೇ. ಹೊರಗೆ ಬಂದ ಮೇಲೆ ನನ್ನ ಕಡೆ ತಿರುಗಿ, “ನಡಿ, ಪುಸ್ತಕದ ಅಂಗಡಿಗೆ ಹೋಗೂಣು” ಎಂದಳು.

ನನ್ನ ಅಕ್ಕ ರೋಣದ ಹತ್ತಿರದ ಸವಡಿಯಲ್ಲಿ ಅಂಗನವಾಡಿ ಶಿಕ್ಷಕಿಯಾಗಿದ್ದವಳು. ಗ್ಲಾಕೋಮಾ ಅವಳ ಬಲಗಣ್ಣನ್ನು ಯಾವಾಗಲೋ ತಿಂದಿತ್ತು. ಎಡಗಣ್ಣಿನ ತಪಾಸಣೆಗೆಂದು ಮೂರು ತಿಂಗಳಿಗೊಮ್ಮೆ ನಾನು ರೋಣದಿಂದ ಹೋಗಿ, ಅವಳನ್ನು ಹುಬ್ಬಳ್ಳಿಗೆ ಕರೆದೊಯ್ಯುತ್ತಿದ್ದೆ. ದವಾಖಾನೆ ಮುಗಿದ ಮೇಲೆ ಆ ದೊಡ್ಡ ಅಂಗಡಿ. ಹತ್ತಾರು ಊರುಗಳಲ್ಲಿ ಶಾಖೆಗಳಿದ್ದ, ಎರಡು ಮಹಡಿಯ, ಎ.ಸಿ. ಅಂಗಡಿ. ನಾನು ನನ್ನ ಕೆಲಸ ಮುಗಿಸಿಕೊಂಡು ಬರುವಷ್ಟರಲ್ಲಿ ಅವಳು ಮೇಲಿನ ಮಹಡಿಯ ಕನ್ನಡ ಕಪಾಟುಗಳ ಮುಂದೆ ಎರಡು ತಾಸು ಕಳೆದಿರುತ್ತಿದ್ದಳು. ಒಂದನ್ನು ತೆಗೆಯುವುದು, ನಡುವಿನ ಒಂದು ಪುಟ ಓದುವುದು, ಇಡುವುದು. (ನಡುವಿನದೇ ಯಾಕೆಂದು ಕೇಳಿದ್ದೆ. “ಮೊದಲನೇ ಪುಟ ಎಲ್ಲಾರೂ ಚಲೋನ ಬರೀತಾರ” ಅಂದಿದ್ದಳು.) ಕೊನೆಗೆ ಕೊಳ್ಳುತ್ತಿದ್ದದ್ದು ಒಂದೇ ಒಂದು. ಆದರೂ ಯಾರೂ ಅವಳನ್ನು ಹೊರಡಿ ಎಂದಿರಲಿಲ್ಲ.

ನಮ್ಮಲ್ಲಿ ಎಲ್ಲಿದೆ ಹೇಳಿ, ಅಂಥ ಜಾಗ? ರೋಣ, ನರಗುಂದ, ಗಜೇಂದ್ರಗಡ ಮೂರನ್ನೂ ಸುತ್ತಿ ಬನ್ನಿ. ನೋಟ್‌ಬುಕ್ಕು, ಗೈಡು, ಸ್ಪರ್ಧಾತ್ಮಕ ಪರೀಕ್ಷೆಯ ಪ್ರಶ್ನೋತ್ತರ ಸಿಗುತ್ತವೆ. ಅವೂ ಕೌಂಟರಿನ ಆಚೆ. ನಾವು ಹೆಸರು ಹೇಳಬೇಕು, ಅವರು ತೆಗೆದುಕೊಡಬೇಕು.

ಅವತ್ತು ದವಾಖಾನೆಯಿಂದ ಹೋದಾಗ ಅಂಗಡಿಯ ಕಟ್ಟಡ ಹಾಗೇ ಇತ್ತು. ಒಳಗೆ ಪುಸ್ತಕದ ಬದಲು ಬೂಟು, ಚಪ್ಪಲಿ. ಬಾಗಿಲಲ್ಲಿದ್ದ ವಾಚ್‌ಮನ್ ಮಾತ್ರ ಹಳಬ. ಅಕ್ಕನ ಗುರುತು ಹಿಡಿದ.

“ಬಂದ್ ಆಗಿ ಎರಡ್ ತಿಂಗಳಾತ್ರಿ, ಅಕ್ಕಾರ. ಮಂದಿ ಬರ್ತಿದ್ರು, ಪುಸ್ತಕದ ಫೋಟೊ ಹೊಡ್ಕೊಂಡು ಹೋಗಿ ಮೊಬೈಲ್‌ನಾಗ ತರಿಸ್ತಿದ್ರು. ಹಿಂಗಾದ್ರ ಅಂಗಡಿ ಹ್ಯಾಂಗ ನಡೀಬೇಕ್ರಿ?”

(ಅಂಥ ಫೋಟೊ ನನ್ನ ಮೊಬೈಲಿನಲ್ಲೂ ಇದ್ದವು.)

“ಪುಸ್ತಕ ಎಲ್ಲಾ ಎಲ್ಲಿ ಹೋದುವಪಾ?” ಅಕ್ಕ ಕೇಳಿದಳು.

“ಡಬ್ಬಿಗೆ ತುಂಬಿ ಲಾರಿಗೆ ಹೇರಿದ್ರು. ಎಲ್ಲಿಗಂತ ಗೊತ್ತಿಲ್ರಿ.”

“ಮ್ಯಾಲೂ ಬೂಟನ?”

“ಮ್ಯಾಲ ಸಣ್ಣ ಹುಡುಗರ ಬೂಟ್ರಿ.”

ಬಸ್ಸಿನಲ್ಲಿ ನಾನು ಮೊಬೈಲ್ ತೆಗೆದು ಸಮಾಧಾನ ಹೇಳಲು ಹೋದೆ. “ಇದರಾಗ ಎಲ್ಲಾ ಸಿಗ್ತಾವ, ಅಕ್ಕಾ. ಯಾವುದು ಬೇಕು ಹೇಳು.”

“ಯಾವುದಂತ ಅಲ್ಲಿ ಹೋದ ಮ್ಯಾಲ ಗೊತ್ತಾಗ್ತಿತ್ತು, ತಮ್ಮಾ.” ಕಿಟಕಿಯ ಕಡೆ ತಿರುಗಿದಳು.

ಸರಿ, ನಾನೇ ಆರಿಸುತ್ತೇನೆ ಎಂದುಕೊಂಡೆ. ಮೊಬೈಲಿನ ಪರದೆಯ ತುಂಬ ಹೆಬ್ಬೆರಳಿನಷ್ಟು ಮುಖಪುಟಗಳು. ನಾನು ಹಿಂದೆ ಏನು ಕೊಂಡಿದ್ದೆನೋ ಅಂಥದ್ದನ್ನೇ ಮತ್ತೆ ಮತ್ತೆ ತೋರಿಸುತ್ತಿತ್ತು. ಅದಕ್ಕೆ ಗೊತ್ತಿರುವುದು ನಾನು, ಅಕ್ಕನಲ್ಲ. ನಾಳೆ ನೋಡೋಣ, ಭಾನುವಾರ ನೋಡೋಣ ಎಂದು ದಿನ ತಳ್ಳಿದೆ. ಐದು ತಿಂಗಳು ಹೀಗೇ ಹೋದವು. ನೀವೂ ಹೀಗೆ ದಿನ ತಳ್ಳುವುದುಂಟಲ್ಲವೇ? ಆದರೆ ಅಕ್ಕನ ಕಣ್ಣಿಗೆ ಅಷ್ಟು ಪುರಸೊತ್ತು ಇರಲಿಲ್ಲ.

ಕೊನೆಗೊಂದು ಕಾದಂಬರಿ ತರಿಸಿ ಕಳೆದ ವಾರ ಸವಡಿಗೆ ಒಯ್ದೆ. ಅಕ್ಕ ಪುಸ್ತಕ ತೆರೆದು ಬೆಳಕಿಗೆ ಹಿಡಿದಳು. ಹತ್ತಿರ ತಂದಳು. ದೂರ ಹಿಡಿದಳು. ಆಮೇಲೆ ನನ್ನ ಕೈಗೆ ಕೊಟ್ಟಳು.

“ಅಕ್ಷರ ಎಲ್ಲಾ ಕಲಸಿಕೊಂಡಾವ. ನೀನ ಓದು.”

ಓದಿದೆ. ನಾಲ್ಕು ಪುಟ ಆದ ಮೇಲೆ, “ಚಲೋ ಐತಿ” ಎಂದಳು. ಚಶ್ಮಾ ತೆಗೆದಿಟ್ಟು, “ಆದ್ರ ಇದು ನೀ ಆರಿಸಿದ್ದು.”

ನಾನು ಐದನೇ ಪುಟ ತಿರುವಿದೆ. ಮತ್ತೇನು ಮಾಡಲಿ, ಹೇಳಿ?